ತರಗತಿಯಲ್ಲಿ ಸಂವಾದಾತ್ಮಕ ಡಿಜಿಟಲ್ ಪ್ರಸ್ತುತಿ: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೊಜೆಕ್ಟರ್ ಅಥವಾ ಸ್ಮಾರ್ಟ್ ಬೋರ್ಡ್ ಬಂದಿರುವ, ಆದರೆ ಮಕ್ಕಳ ಕೈಯಲ್ಲಿ ಯಾವ ಸಾಧನವೂ ಇಲ್ಲದ ಕನ್ನಡ ಮಾಧ್ಯಮ ಪ್ರೌಢಶಾಲೆಗಳ ಶಿಕ್ಷಕರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಹೆಚ್ಚಿನ ಸೌಲಭ್ಯವಿರುವ ಶಾಲೆಗಳಿಗೂ ಇವುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ.

ಸಾಮಾನ್ಯ ಪವರ್‌ಪಾಯಿಂಟ್‌ಗೂ ಸಂವಾದಾತ್ಮಕ ಪ್ರಸ್ತುತಿಗೂ ಏನು ವ್ಯತ್ಯಾಸ?

ಸಾಮಾನ್ಯ ಸ್ಲೈಡ್‌ಗಳಲ್ಲಿ ಶಿಕ್ಷಕರು ತೋರಿಸುತ್ತಾರೆ, ಮಕ್ಕಳು ನೋಡುತ್ತಾರೆ. ಸಂವಾದಾತ್ಮಕ ಪ್ರಸ್ತುತಿಯಲ್ಲಿ ಪಾಠದ ನಡುನಡುವೆ ಮಕ್ಕಳು ಉತ್ತರಿಸಲೇಬೇಕಾದ ಸ್ಲೈಡ್‌ಗಳಿರುತ್ತವೆ. ಅವರು ಕೊಟ್ಟ ಉತ್ತರಗಳು ಅಲ್ಲೇ ಎಣಿಕೆಯಾಗಿ ಶಿಕ್ಷಕರ ಕಣ್ಣಿಗೆ ಬೀಳುತ್ತವೆ. "ಅರ್ಥವಾಯಿತಾ?" ಎಂದು ಕೇಳಿದಾಗ ಇಡೀ ತರಗತಿ "ಆಯ್ತು ಸಾರ್" ಎಂದು ರಾಗವೆಳೆಯುವುದನ್ನೂ, ಪ್ರಶ್ನೆ ಕೇಳಿದ ಕೂಡಲೇ ಮುಂದಿನ ಬೆಂಚಿನ ಅದೇ ನಾಲ್ಕು ಕೈಗಳು ಮೇಲೇಳುವುದನ್ನೂ ದಿನವೂ ನೋಡುವವರಿಗೆ ಇದರ ಉಪಯೋಗವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೈ ಎತ್ತದ ಮಗುವಿನ ತಲೆಯಲ್ಲಿ ಏನಿದೆ ಎಂಬುದು ಇಲ್ಲಿ ತಿಳಿಯುತ್ತದೆ. ಹಾರಿ ಬರುವ ಅಕ್ಷರಗಳಿಂದಲೋ ಚಪ್ಪಾಳೆಯ ಸದ್ದಿನಿಂದಲೋ ಸ್ಲೈಡ್ ಸಂವಾದಾತ್ಮಕವಾಗುವುದಿಲ್ಲ.

ಯಾವ ಯಾವ ಉಪಕರಣಗಳು ಬಳಕೆಯಲ್ಲಿವೆ? ಯಾವುದರಿಂದ ಆರಂಭಿಸಬೇಕು?

ಮೆಂಟಿಮೀಟರ್, ಸ್ಲೈಡೊ, ಆಹಾಸ್ಲೈಡ್ಸ್ ಮುಂತಾದವು ಮತ ಹಾಕಿಸಲು ಮತ್ತು ಚಿಕ್ಕ ಉತ್ತರಗಳನ್ನು ಸಂಗ್ರಹಿಸಲು ಅನುಕೂಲಕರ. ನಾರ್ವೆಯಲ್ಲಿ ಹುಟ್ಟಿದ ಕಹೂಟ್ ಮತ್ತು 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2025ರಲ್ಲಿ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡ ಕ್ವಿಜಿಜ್ ರಸಪ್ರಶ್ನೆಯ ರೂಪದವು. ನಿಯರ್‌ಪಾಡ್ ಮತ್ತು ಪೇರ್ ಡೆಕ್ ಶಿಕ್ಷಕರ ಸ್ಲೈಡನ್ನೇ ಪ್ರತಿ ಮಗುವಿನ ಪರದೆಗೆ ಕಳಿಸುವುದರಿಂದ, ತಲೆಗೊಂದು ಸಾಧನವಿರುವ ಶಾಲೆಗಳಿಗೆ ಮಾತ್ರ ಹೊಂದುತ್ತವೆ. ಪ್ಲಿಕರ್ಸ್‌ನಲ್ಲಿ ಮಕ್ಕಳು ಹಿಡಿಯುವುದು ಬರೀ ಕಾಗದದ ಕಾರ್ಡು.

ತಾವು ಈಗಾಗಲೇ ಪವರ್‌ಪಾಯಿಂಟ್ ಅಥವಾ ಲಿಬ್ರೆಆಫೀಸ್ ಇಂಪ್ರೆಸ್ ಬಳಸುತ್ತಿದ್ದರೆ ಅಲ್ಲಿಂದಲೇ ಆರಂಭಿಸುವುದು ಲೇಸು. ಇರುವ ಸ್ಲೈಡ್‌ಗಳ ನಡುವೆ ಎರಡು ಪ್ರಶ್ನೆಗಳನ್ನು ಸೇರಿಸಿ, ಉತ್ತರ ಪಡೆಯುವ ಒಂದು ವಿಧಾನವನ್ನು ಗೊತ್ತುಮಾಡಿಕೊಂಡರೆ ಅಷ್ಟೇ ಸಾಕು. ತಿಂಗಳಿಗೊಂದು ಹೊಸ ಆ್ಯಪ್ ತರುವ ಉತ್ಸಾಹ ಶಿಕ್ಷಕರಿಗೆ ಚೆಂದ. ಮಕ್ಕಳ ವೇಳೆ ಮಾತ್ರ ಲಾಗಿನ್ ಕಲಿಯುವುದರಲ್ಲೇ ಕಳೆದುಹೋಗುತ್ತದೆ.

ನಮ್ಮ ಮಕ್ಕಳ ಬಳಿ ಮೊಬೈಲ್ ಇಲ್ಲ, ಶಾಲೆಗೆ ತರುವಂತೆಯೂ ಇಲ್ಲ. ಆಗ ಏನು ಮಾಡಬೇಕು?

ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಶ್ನೆ ಇದು. ಇದಕ್ಕೆ ಪ್ಲಿಕರ್ಸ್ ಚೆನ್ನಾಗಿ ಒದಗುತ್ತದೆ. ಇದರ ಕಾರ್ಡುಗಳನ್ನು ಜಾಲತಾಣದಿಂದ ಇಳಿಸಿಕೊಂಡು ಸಾಮಾನ್ಯ ಪ್ರಿಂಟರ್‌ನಲ್ಲೇ ಮುದ್ರಿಸಬಹುದು. ಒಂದು ಕಟ್ಟಿನಲ್ಲಿ 40 ಕಾರ್ಡುಗಳಿರುತ್ತವೆ, ದೊಡ್ಡ ತರಗತಿಗಳಿಗೆ 63 ಕಾರ್ಡುಗಳ ಕಟ್ಟೂ ಇದೆ. ಪ್ರತಿ ಕಾರ್ಡಿನಲ್ಲಿ ಕಪ್ಪು ಚೌಕಗಳ ಒಂದು ಆಕೃತಿಯಿದ್ದು, ಅದರ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಎಂದು ಚಿಕ್ಕದಾಗಿ ಅಚ್ಚಾಗಿರುತ್ತದೆ. ಮಗು ತನ್ನ ಉತ್ತರದ ಅಕ್ಷರ ಮೇಲಕ್ಕೆ ಬರುವಂತೆ ಕಾರ್ಡನ್ನು ತಿರುಗಿಸಿ ಎದೆಯ ಮುಂದೆ ಹಿಡಿಯುತ್ತದೆ. ಶಿಕ್ಷಕರು ತಮ್ಮ ಮೊಬೈಲಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ನಿಧಾನವಾಗಿ ಹಾಯಿಸಿದರೆ, ಯಾರು ಏನು ಉತ್ತರಿಸಿದರೆಂಬುದು ದಾಖಲಾಗುತ್ತದೆ. ಪ್ರತಿ ಕಾರ್ಡಿನ ಆಕೃತಿ ಬೇರೆ ಬೇರೆಯಾಗಿರುವುದರಿಂದ ಪಕ್ಕದವನ ಕಾರ್ಡು ನೋಡಿ ನಕಲು ಮಾಡುವುದೂ ಸುಲಭವಲ್ಲ.

ಬಳಸುವಾಗ ಕೆಲವು ಸಣ್ಣ ಸಂಗತಿಗಳು ಕೈಕೊಡುತ್ತವೆ. ಮಕ್ಕಳು ಕಾರ್ಡಿನ ಅಂಚನ್ನು ಬಿಟ್ಟು ಕಪ್ಪು ಭಾಗದ ಮೇಲೆ ಬೆರಳಿಟ್ಟರೆ ಕ್ಯಾಮೆರಾ ಅದನ್ನು ಓದುವುದಿಲ್ಲ. ಬಾಳಿಕೆ ಬರಲೆಂದು ಹೊಳೆಯುವ ಪ್ಲಾಸ್ಟಿಕ್‌ನಿಂದ ಲ್ಯಾಮಿನೇಶನ್ ಮಾಡಿಸಿದರೆ ಕಿಟಕಿಯ ಬೆಳಕು ಪ್ರತಿಫಲಿಸಿ ಅರ್ಧ ಕಾರ್ಡುಗಳು ಮಾಯವಾಗುತ್ತವೆ. ದಪ್ಪ ಡ್ರಾಯಿಂಗ್ ಹಾಳೆಗೆ ಅಂಟಿಸಿಕೊಳ್ಳುವುದು ಇದಕ್ಕಿಂತ ವಾಸಿ. ಎತ್ತರದ ಹುಡುಗನ ಹಿಂದೆ ಕುಳಿತ ಮಗುವಿನ ಕಾರ್ಡು ಮರೆಯಾಗುವುದರಿಂದ ಶಿಕ್ಷಕರು ಒಂದೇ ಕಡೆ ನಿಲ್ಲದೆ ಪಕ್ಕಕ್ಕೆ ಒಂದೆರಡು ಹೆಜ್ಜೆ ಸರಿಯಬೇಕು. ಕಾರ್ಡಿನ ಸಂಖ್ಯೆಗೆ ಹಾಜರಿ ಪುಸ್ತಕದ ಕ್ರಮಸಂಖ್ಯೆಯನ್ನೇ ಕೊಟ್ಟರೆ ಹಂಚುವುದೂ ವಾಪಸು ಪಡೆಯುವುದೂ ಸುಲಭ.

ಪ್ಲಿಕರ್ಸ್ ಕೂಡ ಬೇಡವೆಂದರೆ, ನಾಲ್ಕು ಬಣ್ಣದ ಹಾಳೆಗಳಲ್ಲಿ ಅ, ಆ, ಇ, ಈ ಎಂದು ಬರೆಸಿ ಪ್ರತಿ ಮಗುವಿಗೂ ಒಂದು ಜೊತೆ ಕೊಡಬಹುದು. "ಒಂದು, ಎರಡು, ಮೂರು" ಎಂದಾಗ ಎಲ್ಲರೂ ಒಟ್ಟಿಗೆ ಎತ್ತಬೇಕು ಎಂಬುದೊಂದೇ ನಿಯಮ, ಏಕೆಂದರೆ ತಡವಾಗಿ ಎತ್ತುವ ಮಗು ಮೊದಲು ಜಾಣರ ಕೈ ನೋಡುತ್ತದೆ. ಲೆಕ್ಕದ ಉತ್ತರಗಳಿಗೆ ಸ್ಲೇಟು ಇನ್ನೂ ಉತ್ತಮ.

ಇಂಟರ್ನೆಟ್ ನಂಬುವಂತಿಲ್ಲ, ಪಾಠದ ನಡುವೆ ಕರೆಂಟೂ ಹೋಗುತ್ತದೆ. ಆದರೂ ಇದು ಸಾಧ್ಯವೇ?

ಸಾಧ್ಯ, ಪಾಠವನ್ನು ಇಂಟರ್ನೆಟ್ ಇಲ್ಲವೆಂದೇ ಭಾವಿಸಿ ಸಿದ್ಧಪಡಿಸಿಕೊಂಡರೆ. ಪವರ್‌ಪಾಯಿಂಟ್ ಮತ್ತು ಇಂಪ್ರೆಸ್ ಎರಡರಲ್ಲೂ ಒಂದು ಸ್ಲೈಡಿನ ಯಾವುದೇ ಚೌಕಕ್ಕೆ ಅದೇ ಕಡತದ ಇನ್ನೊಂದು ಸ್ಲೈಡಿನ ಕೊಂಡಿ ಜೋಡಿಸಬಹುದು. ನಾಲ್ಕು ಆಯ್ಕೆಗಳಿಗೂ ಒಂದೊಂದು ಸ್ಲೈಡ್ ಮಾಡಿಟ್ಟುಕೊಂಡರೆ, ತರಗತಿ ಹೆಚ್ಚಾಗಿ ಯಾವ ತಪ್ಪು ಉತ್ತರ ಕೊಟ್ಟಿತೋ ಅದನ್ನು ಒತ್ತಿ, ಹಾಗೆ ಯೋಚಿಸಿದರೆ ಎಲ್ಲಿ ತೊಡಕಾಗುತ್ತದೆ ಎಂಬುದನ್ನು ಅಲ್ಲೇ ತೋರಿಸಬಹುದು. ಇದಕ್ಕೆ ಪೆನ್‌ಡ್ರೈವ್‌ನಲ್ಲಿ ಒಂದು ಕಡತವಿದ್ದರೆ ಮುಗಿಯಿತು.

ಸ್ಲೈಡ್ ಓಡುತ್ತಿರುವಾಗ ಕೀಲಿಮಣೆಯಲ್ಲಿ ಇಂಗ್ಲಿಷಿನ ಬಿ ಅಕ್ಷರವನ್ನು ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಚಿತ್ರ ಮರಳುತ್ತದೆ. ಮಕ್ಕಳು ತಮ್ಮತಮ್ಮಲ್ಲಿ ಚರ್ಚಿಸುವಾಗ ಕಣ್ಣು ಪರದೆಗೆ ಅಂಟಿರುವುದು ಬೇಡವೆಂದಾಗ ಇದು ತುಂಬ ಉಪಯುಕ್ತ. ಸ್ಲೈಡಿನ ಸಂಖ್ಯೆಯನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ನೇರವಾಗಿ ಆ ಸ್ಲೈಡಿಗೆ ಹೋಗಬಹುದು. ಇಷ್ಟು ಸರಳವಾದ ಈ ಎರಡು ಸೌಲಭ್ಯಗಳನ್ನು ಬಳಸುವವರು ಆಶ್ಚರ್ಯವಾಗುವಷ್ಟು ಕಡಿಮೆ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ನಡೆದರೂ ಪ್ರೊಜೆಕ್ಟರ್ ನಿಲ್ಲುತ್ತದೆ. ಪ್ರಶ್ನೆಗಳನ್ನು ಪಾಠ ಯೋಜನೆಯ ಹಾಳೆಯಲ್ಲೂ ಬರೆದಿಟ್ಟುಕೊಂಡಿದ್ದರೆ ಕಪ್ಪು ಹಲಗೆಯ ಮೇಲೆ ಅದೇ ಪ್ರಶ್ನೆ ಮುಂದುವರಿಯುತ್ತದೆ. ಬಣ್ಣದ ಕಾರ್ಡುಗಳಿಗೆ ಕರೆಂಟಿನ ಹಂಗಿಲ್ಲ.

ಒಳ್ಳೆಯ ಪ್ರಶ್ನೆ ಹೇಗಿರಬೇಕು?

ಇಡೀ ವಿಷಯದ ತಿರುಳು ಇಲ್ಲಿದೆ. ಉಪಕರಣ ಯಾವುದೇ ಇರಲಿ, ಪ್ರಶ್ನೆ ಸಪ್ಪೆಯಾಗಿದ್ದರೆ ಪರದೆಯ ಮೇಲೆ ಬರುವ ಸ್ತಂಭನಕ್ಷೆಯೂ ಸಪ್ಪೆಯೇ. "ವಿದ್ಯುತ್ ಪ್ರವಾಹದ ಏಕಮಾನ ಯಾವುದು?" ಎಂದು ಕೇಳಿದರೆ ನೆನಪಿದ್ದವರು ಆಂಪಿಯರ್ ಎನ್ನುತ್ತಾರೆ, ನೆನಪಿಲ್ಲದವರು ಊಹಿಸುತ್ತಾರೆ, ಮುಂದೆ ಮಾತನಾಡಲು ಏನೂ ಉಳಿಯುವುದಿಲ್ಲ.

ಅದರ ಬದಲು ಹತ್ತನೆಯ ತರಗತಿಯ ವಿದ್ಯುತ್ತಿನ ಪಾಠದಲ್ಲಿ ಹೀಗೊಂದು ಸ್ಲೈಡ್ ಹಾಕಿ ನೋಡಬಹುದು: ಒಂದೇ ಬಗೆಯ ಎರಡು ಬಲ್ಬುಗಳನ್ನು ಒಂದು ಬ್ಯಾಟರಿಗೆ ಸರಣಿಯಲ್ಲಿ ಜೋಡಿಸಲಾಗಿದೆ, ಯಾವ ಬಲ್ಬು ಹೆಚ್ಚು ಪ್ರಕಾಶಮಾನವಾಗಿ ಉರಿಯುತ್ತದೆ? ಆಯ್ಕೆಗಳು: ಬ್ಯಾಟರಿಯ ಧನಾಗ್ರಕ್ಕೆ ಹತ್ತಿರವಿರುವುದು, ಋಣಾಗ್ರಕ್ಕೆ ಹತ್ತಿರವಿರುವುದು, ಎರಡೂ ಸಮನಾಗಿ, ಎರಡೂ ಉರಿಯುವುದಿಲ್ಲ. ಓಮನ ನಿಯಮದ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುವ ಮಕ್ಕಳಲ್ಲೂ ಹಲವರು ಮೊದಲ ಆಯ್ಕೆಯತ್ತ ವಾಲುತ್ತಾರೆ. ವಿದ್ಯುತ್ತು ಮೊದಲ ಬಲ್ಬಿನಲ್ಲಿ ಸ್ವಲ್ಪ ಖರ್ಚಾಗಿ ಎರಡನೆಯದಕ್ಕೆ ಉಳಿದಷ್ಟೇ ಸಿಗುತ್ತದೆ ಎಂಬ ಕಲ್ಪನೆ ಅವರ ಮನಸ್ಸಿನಲ್ಲಿರುತ್ತದೆ; ಸರಣಿ ಮಂಡಲದಲ್ಲಿ ಎಲ್ಲ ಕಡೆ ಪ್ರವಾಹ ಒಂದೇ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿದ ಮೇಲೂ ಆ ಕಲ್ಪನೆ ಅಲ್ಲೇ ಇರುತ್ತದೆ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಕಾಣಿಸದ ಈ ತಪ್ಪು ತಿಳಿವಳಿಕೆಯನ್ನು ಒಂದು ಸ್ಲೈಡ್ ಒಂದೇ ನಿಮಿಷದಲ್ಲಿ ಹೊರಗೆ ತರುತ್ತದೆ.

ತಪ್ಪು ಆಯ್ಕೆಗಳು ಎಲ್ಲಿಂದಲೋ ತಂದು ತುಂಬಿದವಾಗಿರಬಾರದು, ಮಕ್ಕಳು ನಿಜವಾಗಿ ಮಾಡುವ ತಪ್ಪುಗಳಾಗಿರಬೇಕು. ಹಳೆಯ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟನ್ನು ಅರ್ಧ ಗಂಟೆ ತಿರುವಿ ಹಾಕಿದರೆ ಇಂಥ ಆಯ್ಕೆಗಳು ಬೇಕಾದಷ್ಟು ಸಿಗುತ್ತವೆ. ಭಾಷಾ ಪಾಠಗಳಲ್ಲೂ ಇದೇ ಮಾತು. "ಆದೇಶ ಸಂಧಿ ಎಂದರೇನು?" ಎಂದು ಕೇಳುವ ಬದಲು ಮಳೆಗಾಲ, ಬೆಟ್ಟದಾವರೆ, ಕಂಬನಿ, ಮನೆಯಲ್ಲಿ ಎಂಬ ನಾಲ್ಕು ಪದಗಳನ್ನು ಕೊಟ್ಟು ಗುಂಪಿಗೆ ಸೇರದ್ದನ್ನು ಆರಿಸಲು ಹೇಳಿದರೆ, ಮಗು ನಾಲ್ಕನ್ನೂ ಮನಸ್ಸಿನಲ್ಲೇ ಬಿಡಿಸಿ ನೋಡಬೇಕಾಗುತ್ತದೆ. "ಕಂಬನಿ"ಯನ್ನು ಆರಿಸಿದವರಿಗೆ ಕಣ್ ಮತ್ತು ಪನಿ ಕಾಣಿಸಿಲ್ಲ ಎಂಬುದು ಆಗ ಸ್ಪಷ್ಟವಾಗುತ್ತದೆ.

ಉತ್ತರಗಳು ಬಂದ ಮೇಲೆ ಏನು ಮಾಡಬೇಕು? ಸರಿಯುತ್ತರ ತೋರಿಸಿ ಮುಂದೆ ಹೋಗಬಹುದೇ?

ಹಾಗೆ ಹೋಗುವುದಾದರೆ ಪ್ರಶ್ನೆ ಕೇಳಿದ ಶ್ರಮ ವ್ಯರ್ಥ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ರೂಢಿಸಿಕೊಂಡು ಬಂದ ಒಂದು ಕ್ರಮ ಇಲ್ಲಿ ತುಂಬ ಉಪಕಾರಿ. ಮೊದಲು ಪ್ರತಿಯೊಬ್ಬರೂ ಮಾತಿಲ್ಲದೆ ಯೋಚಿಸಿ ಮತ ಹಾಕುತ್ತಾರೆ. ಶಿಕ್ಷಕರು ಫಲಿತಾಂಶವನ್ನು ತಾವು ನೋಡುತ್ತಾರೆ, ತರಗತಿಗೆ ತೋರಿಸುವುದಿಲ್ಲ. ಸರಿಯುತ್ತರ ಕೊಟ್ಟವರು ಸುಮಾರು ಶೇ. 30ರಿಂದ 70ರ ನಡುವೆ ಇದ್ದರೆ, ಪಕ್ಕದವರಿಗೆ ತಮ್ಮ ಉತ್ತರವನ್ನು ಒಪ್ಪಿಸಲು ಎರಡು ಮೂರು ನಿಮಿಷ ಕೊಟ್ಟು ಮತ್ತೆ ಮತ ಹಾಕಿಸುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೆ ಚರ್ಚೆಯಿಂದ ಪ್ರಯೋಜನ ಕಡಿಮೆ, ಪರಿಕಲ್ಪನೆಯನ್ನೇ ಮತ್ತೊಮ್ಮೆ ಬೇರೆ ರೀತಿಯಲ್ಲಿ ವಿವರಿಸಬೇಕು. ಹೆಚ್ಚಿದ್ದರೆ ಚುಟುಕಾಗಿ ಹೇಳಿ ಮುಂದೆ ಸಾಗಬಹುದು.

ಮೊದಲ ಫಲಿತಾಂಶವನ್ನು ಮರೆಮಾಡುವುದು ಬಹಳ ಮುಖ್ಯ. ಯಾವ ಸ್ತಂಭ ಎತ್ತರವಾಗಿದೆ ಎಂದು ಕಂಡ ಕೂಡಲೇ ಮಕ್ಕಳು ಯೋಚನೆ ನಿಲ್ಲಿಸಿ ಬಹುಮತದ ಕಡೆ ಸೇರುತ್ತಾರೆ. ಬಲ್ಬುಗಳ ಪ್ರಶ್ನೆಯಲ್ಲಿ ಎರಡನೆಯ ಮತದ ನಂತರ ಎರಡು ಬಲ್ಬು, ಒಂದು ಬ್ಯಾಟರಿ, ಮೂರು ತುಂಡು ತಂತಿಯನ್ನು ಮೇಜಿನ ಮೇಲಿಟ್ಟು ಜೋಡಿಸಿ ತೋರಿಸಿದರೆ ವಾದ ಮುಗಿಯುತ್ತದೆ. ನಿಜವಾದ ವಸ್ತು ಸಿಗುವಾಗ ಪರದೆಯ ಮೇಲಿನ ಬಲ್ಬು ಬೇಡ.

ಒಂದು ಪೀರಿಯಡ್‌ನಲ್ಲಿ ಎಷ್ಟು ಪ್ರಶ್ನೆ ಕೇಳಬಹುದು?

ಮೇಲಿನ ಕ್ರಮದಲ್ಲಿ ಒಂದು ಪ್ರಶ್ನೆಗೆ ಎಂಟು ಹತ್ತು ನಿಮಿಷ ಹಿಡಿಯುವುದರಿಂದ ಎರಡು, ಹೆಚ್ಚೆಂದರೆ ಮೂರು. ಹಿಂದಿನ ಪಾಠದ ನೆನಪು ಕೆದಕುವ ಸಣ್ಣ ಪ್ರಶ್ನೆಗಳಾದರೆ ಆರಂಭದ ಐದು ನಿಮಿಷದಲ್ಲಿ ನಾಲ್ಕೈದನ್ನು ಮುಗಿಸಬಹುದು.

ಕನ್ನಡ ಅಕ್ಷರಗಳು ಒಡೆದು ಕಾಣುತ್ತವೆ, ಕೆಲವೊಮ್ಮೆ ಏನೇನೋ ಚಿಹ್ನೆಗಳಾಗುತ್ತವೆ. ಏಕೆ?

ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳು. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ, ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಏಕರೂಪದ ವ್ಯವಸ್ಥೆ) ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ, ಕಂಪ್ಯೂಟರಿನ ದೃಷ್ಟಿಯಲ್ಲಿ, ಕನ್ನಡವೇ ಅಲ್ಲ. ರೋಮನ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಲಾಗಿರುತ್ತದೆ. ಅದನ್ನು ನಕಲಿಸಿ ಮೆಂಟಿಮೀಟರಿಗೋ ಕಹೂಟಿಗೋ ಅಂಟಿಸಿದಾಗ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಉಳಿಯುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಪ್ರಶ್ನೆಪತ್ರಿಕೆಗಳಿದ್ದರೆ ಆಸ್ಕಿ ಎನ್ನಲಾಗುವ ಇಂಥ ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಹೊಸದಾಗಿ ಬರೆಯುವುದನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯುವುದು ಕಡ್ಡಾಯವೆಂದೇ ತಿಳಿಯತಕ್ಕದ್ದು.

ಎರಡನೆಯ ಕಾರಣ, ತಾವು ಮನೆಯಲ್ಲಿ ಬಳಸಿದ ಫಾಂಟ್ ಶಾಲೆಯ ಕಂಪ್ಯೂಟರಿನಲ್ಲಿ ಇಲ್ಲದಿರುವುದು. ವಿಂಡೋಸ್‌ನಲ್ಲಿರುವ ನಿರ್ಮಲಾ ಯುಐ ಅಥವಾ ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ಬಳಸಿದರೆ ತೊಂದರೆ ಕಡಿಮೆ. ಪವರ್‌ಪಾಯಿಂಟ್‌ನ ಸೇವ್ ಆಯ್ಕೆಗಳಲ್ಲಿ ಫಾಂಟನ್ನು ಕಡತದೊಳಗೇ ಸೇರಿಸುವ ವ್ಯವಸ್ಥೆಯೂ ಇದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷ್ ಸ್ಲೈಡಿಗಿಂತ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು, ಇಲ್ಲವಾದರೆ ಕೊನೆಯ ಬೆಂಚಿಗೆ "ಸ್ತ್ರೀ" ಮತ್ತು "ರಾಷ್ಟ್ರ" ಕಪ್ಪು ಮಚ್ಚೆಗಳಾಗಿ ಕಾಣುತ್ತವೆ.

ಪದಮೋಡವನ್ನು ಕನ್ನಡದಲ್ಲಿ ಬಳಸಬಹುದೇ?

ಬಳಸಬಹುದು, ಆದರೆ ಎಚ್ಚರ ಬೇಕು. ಹೆಚ್ಚು ಜನ ಬರೆದ ಪದ ದೊಡ್ಡದಾಗಿ ಕಾಣುವುದು ಪದಮೋಡದ ಗುಣ. ನೀರು, ನೀರನ್ನು, ನೀರಿನ, ನೀರಿಗೆ ಎಂದು ನಾಲ್ವರು ಬರೆದರೆ ಉಪಕರಣ ಅವನ್ನು ನಾಲ್ಕು ಬೇರೆ ಪದಗಳೆಂದು ಎಣಿಸಿ ನಾಲ್ಕನ್ನೂ ಚಿಕ್ಕದಾಗಿ ತೋರಿಸುತ್ತದೆ. ಅದರ ಜೊತೆಗೆ ಕೆಲವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದರಿಂದ ಚಿತ್ರ ಇನ್ನಷ್ಟು ಚದುರುತ್ತದೆ. "ಒಂದೇ ಪದ, ಪ್ರಥಮಾ ವಿಭಕ್ತಿ, ಏಕವಚನ, ಕನ್ನಡ ಲಿಪಿ" ಎಂದು ಪ್ರಶ್ನೆಯ ಕೆಳಗೇ ಬರೆದರೆ ಬಹುಮಟ್ಟಿಗೆ ಸರಿಹೋಗುತ್ತದೆ, ವಿಭಕ್ತಿಯ ಪುನರಾವರ್ತನೆಯೂ ಆಗುತ್ತದೆ. ಹಾಗಿದ್ದರೂ ಪದಮೋಡದಿಂದ ಸಿಗುವ ತಿಳಿವು ಕಡಿಮೆಯೆಂದೇ ನನ್ನ ಅಭಿಪ್ರಾಯ. ಹೊಸ ಅಧ್ಯಾಯ ಆರಂಭಿಸುವ ಮುನ್ನ ಮಕ್ಕಳಿಗೆ ಏನೇನು ಗೊತ್ತಿದೆ ಎಂದು ನೋಡಲು ಮಾತ್ರ ಅದು ಸಾಕು.

ಅಂಕಪಟ್ಟಿ, ಸಮಯದ ಮಿತಿ, ಸ್ಪರ್ಧೆ ಇವುಗಳಿಂದ ಮಕ್ಕಳಿಗೆ ಉತ್ಸಾಹ ಬರುವುದಿಲ್ಲವೇ?

ಬರುತ್ತದೆ, ಕೆಲವರಿಗೆ. ಕಹೂಟ್‌ನಲ್ಲಿ ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ. ನಿಧಾನವಾಗಿ ಓದುವ ಮಗು ಉತ್ತರ ಗೊತ್ತಿದ್ದರೂ ಹಿಂದೆ ಬೀಳುತ್ತದೆ, ಮೂರು ಪ್ರಶ್ನೆಗಳಲ್ಲಿ ತನ್ನ ಸ್ಥಾನ ಕಂಡುಕೊಂಡು ನಾಲ್ಕನೆಯದಕ್ಕೆ ಓದದೆಯೇ ಒತ್ತುತ್ತದೆ. ಸಮಯವನ್ನು ಹಿಗ್ಗಿಸಬಹುದು, ಅಂಕವಿಲ್ಲದ ಪ್ರಶ್ನೆ ಇಡಬಹುದು, ತಂಡಗಳಾಗಿ ಆಡಿಸಬಹುದು. ಪರಿಕಲ್ಪನೆ ಕಲಿಸುವ ಹಂತದಲ್ಲಿ ಅಂಕಪಟ್ಟಿಯನ್ನು ಪೂರ್ತಿ ಮುಚ್ಚಿಟ್ಟು, ಅಧ್ಯಾಯ ಮುಗಿದ ಮೇಲಿನ ಪುನರಾವರ್ತನೆಯ ದಿನ ಮಾತ್ರ ಸ್ಪರ್ಧೆಗೆ ಅವಕಾಶ ಕೊಡುವುದು ಸೂಕ್ತ. ಯಾರು ತಪ್ಪು ಮಾಡಿದರೆಂದು ಹೆಸರು ಸಮೇತ ಪರದೆಯ ಮೇಲೆ ತೋರಿಸುವುದು ಎಂದಿಗೂ ಬೇಡ. ಪ್ಲಿಕರ್ಸ್ ಬಳಸುವವರು ಹೆಸರುಗಳ ಪಟ್ಟಿ ತಮ್ಮ ಮೊಬೈಲಿನಲ್ಲಿ ಮಾತ್ರ ಕಾಣುವಂತೆ ನೋಡಿಕೊಳ್ಳಬೇಕು.

ಬಣ್ಣ ಗುರುತಿಸಲಾಗದ ಅಥವಾ ದೂರದ್ದು ಕಾಣದ ಮಕ್ಕಳಿಗೆ?

ಆಯ್ಕೆಗಳನ್ನು ಬಣ್ಣದಿಂದಷ್ಟೇ ಬೇರ್ಪಡಿಸದೆ ಅಕ್ಷರ ಅಥವಾ ಆಕಾರವನ್ನೂ ಕೊಡಬೇಕು. ಕಹೂಟ್‌ನ ನಾಲ್ಕು ಬಣ್ಣಗಳ ಜೊತೆ ತ್ರಿಕೋನ, ವಜ್ರಾಕೃತಿ, ವೃತ್ತ, ಚೌಕಗಳಿರುವುದು ಇದಕ್ಕಾಗಿಯೇ ಅನುಕೂಲ. ಪ್ರಶ್ನೆಯನ್ನೂ ಆಯ್ಕೆಗಳನ್ನೂ ಶಿಕ್ಷಕರು ಒಮ್ಮೆ ಗಟ್ಟಿಯಾಗಿ ಓದಿದರೆ ಓದಲು ತಡವರಿಸುವವರಿಗೂ ನೆರವಾಗುತ್ತದೆ.

ಸ್ಲೈಡಿನಲ್ಲಿ ಎಷ್ಟು ಬರಹ ಇರಬೇಕು?

ಪಠ್ಯಪುಸ್ತಕದ ಪ್ಯಾರಾವನ್ನು ಸ್ಲೈಡಿಗೆ ಹಾಕಿ ಅದನ್ನೇ ಓದುವುದು ಸಾಮಾನ್ಯ ದೃಶ್ಯ. ಬಹುಮಾಧ್ಯಮ ಕಲಿಕೆಯ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಕಾರ, ಚಿತ್ರಕ್ಕೆ ಮಾತಿನ ವಿವರಣೆ ಇರುವಾಗ ಅದೇ ಮಾತನ್ನು ಬರಹದಲ್ಲೂ ತುಂಬುವುದರಿಂದ ಕಲಿಕೆಗೆ ತೊಡಕಾಗುತ್ತದೆ. ಹೃದಯದ ಚಿತ್ರವಿದ್ದರೆ ಭಾಗಗಳ ಹೆಸರು ಆಯಾ ಭಾಗದ ಪಕ್ಕದಲ್ಲೇ ಇರಲಿ, ವಿವರಣೆ ಶಿಕ್ಷಕರ ಬಾಯಲ್ಲಿರಲಿ.

ಕನ್ನಡದಲ್ಲಿ ಸಿದ್ಧ ಸಾಮಗ್ರಿ ಎಲ್ಲಿ ಸಿಗುತ್ತದೆ?

ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮತ್ತು ಭಾಷೆಗಳಿಗೆ ಸಂಬಂಧಿಸಿದ ಕನ್ನಡ ಸಾಮಗ್ರಿ ಇದೆ, ಅದನ್ನು ತಿದ್ದಿ ಬಳಸಲೂ ಅವಕಾಶವಿದೆ. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಸಾಮಗ್ರಿಯನ್ನು ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ತೆರೆದು, ಆ್ಯಪ್‌ನಲ್ಲಿ ಮೊದಲೇ ಇಳಿಸಿಟ್ಟುಕೊಂಡು ಇಂಟರ್ನೆಟ್ ಇಲ್ಲದೆಯೂ ತೋರಿಸಬಹುದು. ಗಣಿತಕ್ಕೆ ಜಿಯೋಜೀಬ್ರಾ ಎಂಬ ತಂತ್ರಾಂಶವನ್ನು ಮೀರಿಸುವುದು ಕಷ್ಟ: ತ್ರಿಭುಜದ ಒಂದು ಶೃಂಗವನ್ನು ಎಳೆಯುತ್ತಾ ಹೋದಂತೆ ಮೂರು ಕೋನಗಳ ಅಳತೆ ಬದಲಾದರೂ ಮೊತ್ತ 180 ಡಿಗ್ರಿಯಲ್ಲೇ ನಿಲ್ಲುವುದನ್ನು ಮಕ್ಕಳೇ ನೋಡುತ್ತಾರೆ. ಎಳೆಯುವ ಮೊದಲು "ಈಗ ಮೊತ್ತ ಹೆಚ್ಚಾಗುತ್ತದೋ, ಕಡಿಮೆಯಾಗುತ್ತದೋ?" ಎಂದು ಮತ ಹಾಕಿಸಿ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ವಿಜ್ಞಾನ ಸಿಮ್ಯುಲೇಶನ್‌ಗಳು (ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು) ಉಚಿತ, ಅವನ್ನೂ ಇಳಿಸಿಕೊಂಡು ಬಳಸಬಹುದು. ವಿದ್ಯುನ್ಮಂಡಲ ಜೋಡಿಸುವ ಸಿಮ್ಯುಲೇಶನ್ ಬಲ್ಬು ತಂತಿ ಸಿಗದ ದಿನ ಕೈಹಿಡಿಯುತ್ತದೆ.

ಉಚಿತ ಖಾತೆ ಸಾಕಾಗುತ್ತದೆಯೇ?

ಬಹುತೇಕ ಶಾಲೆಗಳಿಗೆ ಸಾಕು. ಉಚಿತ ಖಾತೆಗಳಲ್ಲಿ ಭಾಗವಹಿಸುವವರ ಸಂಖ್ಯೆಗೋ ಪ್ರಶ್ನೆಗಳ ಸಂಖ್ಯೆಗೋ ಮಿತಿಯಿರುತ್ತದೆ, ಕಂಪನಿಗಳು ಅದನ್ನು ಆಗಾಗ ಬದಲಿಸುತ್ತವೆ. ಇಡೀ ಸೇವೆಯೇ ನಿಂತುಹೋಗುವುದೂ ಉಂಟು: ಗೂಗಲ್‌ನ ಜಾಮ್‌ಬೋರ್ಡ್ 2024ರ ಡಿಸೆಂಬರ್ ಕೊನೆಗೆ ಮುಚ್ಚಿತು. ಆದ್ದರಿಂದ ತಮ್ಮ ಪ್ರಶ್ನೆಗಳ ಒಂದು ಪ್ರತಿ ಯಾವಾಗಲೂ ತಮ್ಮದೇ ಕಂಪ್ಯೂಟರಿನಲ್ಲಿ, ಸಾಮಾನ್ಯ ಕಡತವಾಗಿ, ಇರಬೇಕು.

ಮಕ್ಕಳ ಹೆಸರು, ಮಾಹಿತಿ ಕೊಡುವುದು ಸರಿಯೇ?

ಅಗತ್ಯವಿಲ್ಲದಿದ್ದರೆ ಕೊಡಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆಯನ್ನು ಮುಖ್ಯವಾಗಿಸಿದೆ. ಶಿಕ್ಷಣ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳಿದ್ದರೂ, ಹೆಸರಿನ ಬದಲು ಕ್ರಮಸಂಖ್ಯೆ ಬಳಸಿದರೆ ಹೆಚ್ಚಿನ ಗೊಂದಲ ತಾನಾಗಿಯೇ ತಪ್ಪುತ್ತದೆ. ಮಗುವಿನ ಫೋಟೊ, ಜನ್ಮದಿನಾಂಕ, ಪೋಷಕರ ಮೊಬೈಲ್ ಸಂಖ್ಯೆ ಕೇಳುವ ಆ್ಯಪ್ ತರಗತಿಯ ಮತದಾನಕ್ಕೆ ಬೇಕಾಗಿಲ್ಲ.

ಈ ಉತ್ತರಗಳನ್ನು ಆಂತರಿಕ ಅಂಕಗಳಿಗೆ ಸೇರಿಸಬಹುದೇ?

ಸೇರಿಸದಿರುವುದು ಒಳ್ಳೆಯದು. ಅಂಕವಿದೆ ಎಂದು ತಿಳಿದ ಕೂಡಲೇ ಮಕ್ಕಳು ತಮಗನಿಸಿದ್ದನ್ನು ಬಿಟ್ಟು ಪಕ್ಕದವರ ಉತ್ತರವನ್ನು ಒತ್ತುತ್ತಾರೆ, ಶಿಕ್ಷಕರಿಗೆ ಬೇಕಾದ ಮಾಹಿತಿಯೇ ಹಾಳಾಗುತ್ತದೆ. ಭಾಗವಹಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಬಹುದು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಥವಾ ದಾನಿಗಳು ಹಣ ಕೊಡಲು ಸಿದ್ಧರಿದ್ದಾರೆ. ಮೊದಲು ಏನನ್ನು ಕೊಳ್ಳಬೇಕು?

ಕೊಠಡಿಯಲ್ಲಿ ಪ್ರೊಜೆಕ್ಟರ್ ಈಗಾಗಲೇ ಇದ್ದರೆ ದುಬಾರಿ ಸ್ಮಾರ್ಟ್ ಬೋರ್ಡಿಗೆ ಅವಸರ ಮಾಡಬೇಡಿ. ಕಿಟಕಿಗಳಿಗೆ ದಪ್ಪ ಪರದೆ, ಸಾಕಷ್ಟು ಉದ್ದದ ಎಚ್‌ಡಿಎಂಐ ಕೇಬಲ್, ಹಿಂದಿನ ಬೆಂಚಿಗೂ ಕೇಳುವ ಒಂದು ಜೊತೆ ಸ್ಪೀಕರ್, ಪ್ರೊಜೆಕ್ಟರಿನ ಭಾರ ಹೊರುವ ಯುಪಿಎಸ್, ಕಾರ್ಡುಗಳನ್ನು ಮುದ್ರಿಸಲು ದಪ್ಪ ಕಾಗದ ಇವು ಮೊದಲು ಬರಲಿ. ಬೀಗ ಹಾಕಿದ ಕಂಪ್ಯೂಟರ್ ಕೊಠಡಿಯಲ್ಲಿ ಪ್ರೊಜೆಕ್ಟರ್ ಇದ್ದರೆ ಪ್ರತಿ ಪೀರಿಯಡ್‌ಗೂ ತರಗತಿಯನ್ನೇ ಎಬ್ಬಿಸಿ ಕರೆದೊಯ್ಯಬೇಕಾಗುತ್ತದೆ, ಹೋಗಿ ಕೂರುವುದರಲ್ಲಿ ಹತ್ತು ನಿಮಿಷ ಮುಗಿಯುತ್ತದೆ. ಅದನ್ನು ಹತ್ತನೆಯ ತರಗತಿಯ ಕೊಠಡಿಯ ಚಾವಣಿಗೆ ಅಳವಡಿಸಿ, ಬೀಗದ ಕೈಯನ್ನು ಮುಖ್ಯ ಶಿಕ್ಷಕರ ಜೊತೆಗೆ ಇನ್ನೊಬ್ಬ ಶಿಕ್ಷಕರ ಬಳಿಯೂ ಇರಿಸುವ ವ್ಯವಸ್ಥೆ ಮಾಡಿ.